ಪ್ಯಾಟರ್ಸನ್, ಪಟಕೆಟ್, ಲೋವೆಲ್: ಎರಡು ದಿನದಲ್ಲಿ ಮೂರು ಗಿರಣಿ ಊರು

ಅಮೆರಿಕ ತನ್ನ ಬಟ್ಟೆಯನ್ನು ತಾನೇ ಮಾಡಿಕೊಳ್ಳಲು ಹೊರಟ ಕಾಲವನ್ನು ಕಣ್ಣಾರೆ ನೋಡಬೇಕೆಂದರೆ ಮೂರು ಊರು ಸಾಕು: ನ್ಯೂಜೆರ್ಸಿಯ ಪ್ಯಾಟರ್ಸನ್, ರೋಡ್ ಐಲ್ಯಾಂಡ್‌ನ ಪಟಕೆಟ್, ಮ್ಯಾಸಚೂಸೆಟ್ಸ್‌ನ ಲೋವೆಲ್. ಇದೇ ಕ್ರಮದಲ್ಲಿ ಹೋಗಿ. ಬಾಸ್ಟನ್ ಕಡೆಯವರು ಹತ್ತಿರ ಅಂತ ಲೋವೆಲ್ ಮೊದಲು ನೋಡಿಬಿಟ್ಟರೆ, ಆಮೇಲೆ ಪ್ಯಾಟರ್ಸನ್‌ನಲ್ಲಿ ಬರೀ ಜಲಪಾತ, ಮೊಂಡುಗೋಡೆ ಕಾಣುತ್ತದೆ.

ಏಪ್ರಿಲ್ ಒಳ್ಳೆಯ ತಿಂಗಳು. ಆಗಸ್ಟ್‌ನಲ್ಲಿ ಮಳೆ ಇಲ್ಲದಿದ್ದರೆ ಪ್ಯಾಟರ್ಸನ್‌ನಲ್ಲಿ ಪಸ್ಸೇಯಿಕ್ ನದಿಯ 77 ಅಡಿ ಧುಮುಕು ಸೊರಗಿರುತ್ತದೆ. ಚಳಿಗಾಲದಲ್ಲಿ ಹಿಮಗಟ್ಟಿ ಕಾಲುದಾರಿಗಳನ್ನು ಮುಚ್ಚುವುದೂ ಉಂಟು.

ಪ್ಯಾಟರ್ಸನ್‌ಗೆ ಅರ್ಧ ದಿನ ಇಡಿ. ಪ್ರವೇಶ ಶುಲ್ಕವಿಲ್ಲ. ಮ್ಯಾಕ್‌ಬ್ರೈಡ್ ಅವೆನ್ಯೂ ಪಕ್ಕದ ವೀಕ್ಷಣಾ ತಾಣದಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಪ್ರತಿಮೆಯಿದೆ. 1778ರಲ್ಲಿ ವಾಷಿಂಗ್ಟನ್ ಜೊತೆ ಈ ನೀರು ನೋಡಿದ್ದ ಆತ, ಅಮೆರಿಕದ ಖಜಾನೆ ಕಾರ್ಯದರ್ಶಿಯಾಗಿ 1791ರ ಡಿಸೆಂಬರ್‌ನಲ್ಲಿ ಕೈಗಾರಿಕೆಗಳ ವರದಿಯನ್ನು ಕಾಂಗ್ರೆಸ್ ಮುಂದಿಟ್ಟ. ಅದಕ್ಕೆ ಕೆಲವೇ ದಿನ ಮೊದಲು ನ್ಯೂಜೆರ್ಸಿ ಸರ್ಕಾರ, ಈ ನೀರಿನ ಬಲದಲ್ಲಿ ಗಿರಣಿ ನಡೆಸಲು ಆತ ಮುಂದೆ ನಿಂತು ಕಟ್ಟಿಸಿದ ಕಂಪನಿಗೆ ಸನ್ನದು ಕೊಟ್ಟಿತ್ತು. ತೆರಿಗೆ ವಿನಾಯಿತಿ, ಲಾಟರಿ ನಡೆಸುವ ಹಕ್ಕು, ಎಲ್ಲವೂ ಅದರಲ್ಲಿತ್ತು.

ಹೆಚ್ಚಿನವರು ಇಲ್ಲಿ ಫೋಟೋ ತೆಗೆದು ಹೊರಟುಬಿಡುತ್ತಾರೆ. ಹಾಗೆ ಮಾಡಬೇಡಿ. ನೀರು ಹೋದ ದಾರಿ ಹಿಡಿದು ನಡೆಯಿರಿ. ಜಲಪಾತದ ಮೇಲ್ಗಡೆ ತಿರುಗಿಸಿದ ನೀರು ಮೇಲಿನ, ನಡುವಿನ, ಕೆಳಗಿನ ಹೀಗೆ ಮೂರು ಮೆಟ್ಟಿಲಿನ ಕಾಲುವೆಗಳಲ್ಲಿ ಹರಿಯುತ್ತಿತ್ತು. ಮೇಲಿನ ಕಾಲುವೆಯಿಂದ ಗಿರಣಿಯ ಚಕ್ರಕ್ಕೆ ಬಿದ್ದ ನೀರು ನಡುವಿನ ಕಾಲುವೆಗೆ, ಅಲ್ಲಿ ಇನ್ನೊಂದು ಚಕ್ರ ತಿರುಗಿಸಿ ಕೆಳಗಿನದಕ್ಕೆ. ಒಂದೇ ನೀರಿಗೆ ಮೂರು ಸಲ ದುಡಿಮೆ! ಸ್ಪ್ರೂಸ್ ಸ್ಟ್ರೀಟ್ ಉದ್ದಕ್ಕೂ ಇದರ ಕುರುಹು ಸಿಗುತ್ತದೆ. ಗೋಕಾಕ ಫಾಲ್ಸ್ ಪಕ್ಕದ ಗಿರಣಿ ನೋಡಿದವರಿಗೆ ಲೆಕ್ಕಾಚಾರ ತಕ್ಷಣ ಹೊಳೆಯುತ್ತದೆ.

ಆದರೂ ಕಂಪನಿ ಸೋತಿತು. ಅದರ ಮುಖ್ಯಸ್ಥ ವಿಲಿಯಂ ಡ್ಯೂಯರ್ 1792ರಲ್ಲಿ ಸಟ್ಟಾ ವ್ಯಾಪಾರದಲ್ಲಿ ಮುಳುಗಿ ಸಾಲಗಾರರ ಜೈಲು ಸೇರಿದ. ಕಾಲುವೆ ಕಟ್ಟಲು ಕರೆಸಿದ ಲಾನ್‌ಫಾನ್ ಭರ್ಜರಿ ನಕ್ಷೆ ಹಾಕಿ ಖರ್ಚು ಏರಿಸಿದ. ಕೊನೆಗೆ ಕೆಲಸ ಪೀಟರ್ ಕೋಲ್ಟ್ ಕೈಗೆ ಬಂತು. ನೀರು ಬರುವ ತನಕ ಮೊದಲ ಗಿರಣಿಯನ್ನು ಎತ್ತು ಕಟ್ಟಿ ಓಡಿಸಿದರು. 1796ರಲ್ಲಿ ಹತ್ತಿ ಗಿರಣಿ ಮುಚ್ಚಿತು. ಕಂಪನಿ ಮಾತ್ರ ಸಾಯಲಿಲ್ಲ. ಜಾಗ, ನೀರು ಗುತ್ತಿಗೆಗೆ ಕೊಡುತ್ತ 1945ರವರೆಗೆ ಬದುಕಿತು. ರೈಲು ಎಂಜಿನ್ ಜೋಡಿಸುತ್ತಿದ್ದ ರೋಜರ್ಸ್ ಕಟ್ಟಡದಲ್ಲಿ ಈಗ ಪ್ಯಾಟರ್ಸನ್ ಮ್ಯೂಸಿಯಂ ಇದೆ. ತೆರೆಯುವ ಸಮಯ ಮೊದಲೇ ನೋಡಿಕೊಳ್ಳಿ. ಸಸ್ಯಾಹಾರಿಗಳಿಗೆ ದಕ್ಷಿಣ ಪ್ಯಾಟರ್ಸನ್‌ನ ಮೇನ್ ಸ್ಟ್ರೀಟ್‌ನ ಅರಬ್ಬೀ ಹೋಟೆಲುಗಳಲ್ಲಿ ಫಲಾಫಲ್, ಹಮ್ಮಸ್ ಧಾರಾಳ.

ಮಧ್ಯಾಹ್ನ ಮೂರರೊಳಗೆ ಹೊರಡಿ. ಜಾರ್ಜ್ ವಾಷಿಂಗ್ಟನ್ ಸೇತುವೆಯಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು 287 ಹೆದ್ದಾರಿ ಹಿಡಿದು ಕ್ವೋಮೋ ಸೇತುವೆ ದಾಟುವುದು ವಾಸಿ. ಒಂದು ಎಚ್ಚರ: ಪಟಕೆಟ್ ಫಾಲ್ಸ್ ಎಂಬ ಹೆಸರು ಲೋವೆಲ್‌ನಲ್ಲೂ ಇದೆ. ಜಿಪಿಎಸ್‌ಗೆ ‘ಸ್ಲೇಟರ್ ಮಿಲ್’ ಅಂತಲೇ ಕೊಡಿ.

ನೂಲುವ ಯಂತ್ರದ ನಕ್ಷೆಯಾಗಲಿ ಕುಶಲಕರ್ಮಿಯಾಗಲಿ ಹೊರದೇಶಕ್ಕೆ ಹೋಗಬಾರದೆಂದು ಇಂಗ್ಲೆಂಡ್ ಕಾನೂನು ಮಾಡಿತ್ತು. ಅಲ್ಲಿನ ಗಿರಣಿಯಲ್ಲಿ ಕೆಲಸ ಕಲಿತ ಸ್ಯಾಮ್ಯುಯೆಲ್ ಸ್ಲೇಟರ್ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು 1789ರಲ್ಲಿ ಹಡಗು ಹತ್ತಿದ. ಮರುವರ್ಷ ಡಿಸೆಂಬರ್‌ನಲ್ಲಿ ವ್ಯಾಪಾರಿ ಮೋಸೆಸ್ ಬ್ರೌನ್‌ನ ಹಣದಲ್ಲಿ ಪಟಕೆಟ್‌ನಲ್ಲಿ ನೂಲು ತೆಗೆದ. ನೀವು ನೋಡುವ ಕಟ್ಟಡ 1793ರದ್ದು. ಮೊದಲ ಕೆಲಸಗಾರರು ಮಕ್ಕಳು. ಪಕ್ಕದ ವಿಲ್ಕಿನ್‌ಸನ್ ಮಿಲ್‌ನ ನೆಲಮಾಳಿಗೆಯ ನೀರುಚಕ್ರವನ್ನು ತಿರುಗಿಸುತ್ತಾರೋ ಎಂದು ಕೇಳಿ. ಇಂಥ ಚಕ್ರಗಳಿಗೆ ಬರಗಾಲದಷ್ಟೇ ಪ್ರವಾಹವೂ ಕೇಡು: ಹಿನ್ನೀರು ಏರಿ ಚಕ್ರದ ಬುಡ ಮುಳುಗಿದರೆ ಅದು ನೀರನ್ನೇ ಕಡೆಯುತ್ತ ನಿಂತುಬಿಡುತ್ತದೆ.

ಎರಡನೇ ದಿನದ ಮಧ್ಯಾಹ್ನ ಲೋವೆಲ್‌ಗೆ. ಕಾಲುವೆ ದೋಣಿ ಬೇಸಿಗೆಯಲ್ಲಷ್ಟೇ. ಸಮಯ ಕಮ್ಮಿಯಿದ್ದರೆ ಬೂಟ್ ಕಾಟನ್ ಮಿಲ್ಸ್ ಮ್ಯೂಸಿಯಂ ಒಂದನ್ನೇ ನೋಡಿ. ನೇಯ್ಗೆ ಕೋಣೆಯ ಬಾಗಿಲಲ್ಲಿ ಕೊಡುವ ಇಯರ್‌ಪ್ಲಗ್ ಹಾಕಿಕೊಳ್ಳಿ. ಎಂಬತ್ತಕ್ಕೂ ಹೆಚ್ಚು ಮಗ್ಗಗಳಲ್ಲಿ ಓಡುವುದು ಕೆಲವೇ. ಅಷ್ಟಕ್ಕೇ ನೆಲ ಅದುರುತ್ತದೆ. ತಲೆಯ ಮೇಲೆ ತಿರುಗುವ ದಂಡ, ಅಲ್ಲಿಂದ ಮಗ್ಗಕ್ಕೆ ಇಳಿದ ಬೆಲ್ಟ್, ಎಡಕ್ಕೂ ಬಲಕ್ಕೂ ಬಡಿಯುವ ಲಾಳಿ. ಹೊಕ್ಕಿನ ನೂಲು ಕಡಿದ ಕೂಡಲೇ ಮಗ್ಗ ನಿಲ್ಲುವುದನ್ನು ಕಾದು ನೋಡಿ.

ಇಲ್ಲಿನ ಒರಟು ಬಿಳಿ ಬಟ್ಟೆಗೆ ಮಾರುಕಟ್ಟೆ ಸಿಕ್ಕಿದ್ದರ ಹಿಂದೆ ಭಾರತದ ಕತೆಯೂ ಇದೆ. ಅಮೆರಿಕದ 1816ರ ಸುಂಕ ಕಾಯ್ದೆ ಹೊರದೇಶದ ಹತ್ತಿ ಬಟ್ಟೆಗೆ ಶೇ. 25 ಸುಂಕ ಹಾಕಿತು. ಜೊತೆಗೆ ಚದರ ಗಜಕ್ಕೆ 25 ಸೆಂಟ್‌ಗಿಂತ ಅಗ್ಗದ ಬಟ್ಟೆಯನ್ನೂ 25 ಸೆಂಟಿನದೆಂದೇ ಲೆಕ್ಕ ಹಿಡಿಯಿತು. ಅಂದರೆ ಹತ್ತು ಸೆಂಟಿನ ಭಾರತದ ಬಟ್ಟೆಗೂ ಆರೂಕಾಲು ಸೆಂಟ್ ಸುಂಕ. ಈ ಮಗ್ಗಗಳಲ್ಲೇ ನೇಯ್ದ ಅಡುಗೆಮನೆ ಟವೆಲ್‌ಗಳನ್ನು ಮ್ಯೂಸಿಯಂ ಅಂಗಡಿಯಲ್ಲಿ ಮಾರುತ್ತಾರೆ. ಊರಿಗೆ ಒಯ್ಯಲು ಹಗುರ.