8ನೇ ನಂಬರ್ ಟ್ರಾಮು, ಪೀಣ್ಯಕ್ಕೆ ಬಂದ ಬಿಲ್ಲು

ಕಳೆದ ತಿಂಗಳು ಒಂದು ಶನಿವಾರ ನಮ್ಮ ಆಫೀಸಿನ ಹುಡುಗನೊಬ್ಬನಿಗೆ ಪೋಸ್ಟ್‌ಪೇಯ್ಡ್ ಬಿಲ್ಲು ಬಂತು. ಪೀಣ್ಯದಲ್ಲಿ ಅವನ ರೂಮಿನ ಬಾಡಿಗೆಗಿಂತ ಜಾಸ್ತಿ. ಮುಕ್ಕಾಲು ಪಾಲು ಒಂದೇ ಬಾಬ್ತು: ಇಂಟರ್‌ನ್ಯಾಷನಲ್ ರೋಮಿಂಗ್ ಡೇಟಾ, ಅಂದರೆ ಹೊರದೇಶದಲ್ಲಿ ಇಂಡಿಯಾ ಸಿಮ್ಮಿನಿಂದಲೇ ಬಳಸಿದ ನೆಟ್. "ಮೇಡಂ, ನಾನು ಇಂಡಿಯಾ ಸಿಮ್ಮಲ್ಲಿ ನೆಟ್ ಹಾಕೇ ಇಲ್ಲ. ದುಡ್ಡು ಕೊಟ್ಟು ಬೇರೆ ಇಸಿಮ್ ತಗೊಂಡಿದ್ದೆ" ಅಂದ. ಇಸಿಮ್ ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್. ಅವನು ಸುಳ್ಳು ಹೇಳುವ ಹುಡುಗ ಅಲ್ಲ. ಮೊದಲ ಸಲ ದೇಶ ಬಿಟ್ಟು ಹೋಗಿ ಬಂದವನು. ಕೆ.ಆರ್.ಪೇಟೆಯ ಮನೆಗೆ ತಿಂಗಳಾ ತಿಂಗಳಾ ದುಡ್ಡು ಕಳಿಸುವವನು. ನನಗೆ ಹೊಟ್ಟೆ ಉರಿಯಿತು.

ನಮ್ಮದು ಮೆಷಿನ್ ಬಿಡಿಭಾಗ ಮಾಡುವ ಕಂಪನಿ. ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆ ಗ್ರಾಹಕರಿದ್ದಾರೆ. ಕ್ವಾಲಿಟಿ ತಕರಾರು ಬಂದರೆ ನಾವೇ ಅಲ್ಲಿಗೆ ಹೋಗಿ, ಅಳತೆ ತೆಗೆದು ತೋರಿಸಬೇಕು. ಈ ಓಡಾಟ ನನಗೆ ಹಳೆಯದು. ಹಾಗಾಗಿ ಅವತ್ತು ಶಿಫ್ಟ್ ಮುಗಿದ ಮೇಲೆ ಅವನ ಫೋನು, ಬಿಲ್ಲು ಎರಡನ್ನೂ ಮುಂದಿಟ್ಟುಕೊಂಡು ಕೂತೆವು.

ವಿವರವಾದ ಬಿಲ್ಲನ್ನು ಆಪ್‌ನಿಂದ ಇಳಿಸಿಕೊಂಡೆವು. ತಾರೀಕು, ಸಮಯ, ದೇಶ, ಎಷ್ಟು ಡೇಟಾ ಅಂತ ಸಾಲು ಸಾಲು. ದೇಶದ ಕಾಲಮ್ಮಿನಲ್ಲಿ ಜರ್ಮನಿಯ ಹೆಸರು ಒಂದು ಕಡೆಯೂ ಇಲ್ಲ. ಎಲ್ಲ ಸ್ವಿಟ್ಜರ್ಲೆಂಡ್. ಎಲ್ಲ ಹಗಲು ಹೊತ್ತಿನದು. ಎಲ್ಲಿ ಎಡವಟ್ಟಾಗಿದೆ ಅಂತ ನನಗೆ ಅಲ್ಲೇ ಹೊಳೆಯಿತು.

ಸ್ವಿಟ್ಜರ್ಲೆಂಡ್ ಗಡಿಯ ಊರು ಬಾಸೆಲ್‌ನಲ್ಲಿ ಹೋಟೆಲ್ ತುಂಬಾ ದುಬಾರಿ. ಅದಕ್ಕೇ ಗಡಿಯಾಚೆ, ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ ಉಳಿದುಕೊಳ್ಳುತ್ತೇವೆ. ಅಲ್ಲಿ 8ನೇ ನಂಬರ್ ಟ್ರಾಮ್ ಹತ್ತಿದರೆ ಸೀದಾ ಬಾಸೆಲ್ ಊರೊಳಗೆ ಇಳಿಸುತ್ತದೆ. 2014ರ ಡಿಸೆಂಬರ್‌ನಿಂದ ಈ ಟ್ರಾಮು ಗಡಿ ದಾಟಿ ಓಡುತ್ತಿದೆ. ಸೀಟಿನಲ್ಲಿ ಕೂತವರಿಗೆ ದೇಶ ಬದಲಾಗಿದ್ದೇ ಗೊತ್ತಾಗುವುದಿಲ್ಲ. ಫೋನಿಗೆ ಗೊತ್ತಾಗುತ್ತದೆ.

ಸ್ವಿಟ್ಜರ್ಲೆಂಡ್ ಯುರೋಪಿನ ನಡುಮಧ್ಯೆ ಇದ್ದರೂ ಐರೋಪ್ಯ ಒಕ್ಕೂಟದಲ್ಲಿ ಇಲ್ಲ. ಒಕ್ಕೂಟದ ಸಿಮ್‌ಗಳಿಗೆ ಅದರ ಯಾವ ದೇಶಕ್ಕೆ ಹೋದರೂ ರೋಮಿಂಗ್ ಹೆಸರಲ್ಲಿ ಹೆಚ್ಚು ದುಡ್ಡು ಕೀಳುವಂತಿಲ್ಲ ಎಂಬ ನಿಯಮ 2017ರ ಜೂನ್ 15ರಿಂದ ಇದೆ. ಒಂದು ಮಿತಿಯೊಳಗೆ ಬಳಸಬೇಕು, ಅಷ್ಟೇ. ಒಕ್ಕೂಟದ ಹೊರಗಿನ ನಾರ್ವೆ, ಐಸ್‌ಲ್ಯಾಂಡ್ ಕೂಡ ಈ ನಿಯಮಕ್ಕೆ ಸೇರಿವೆ. ಸ್ವಿಟ್ಜರ್ಲೆಂಡ್ ಸೇರಿಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹುಡುಗ ತಗೊಂಡಿದ್ದ ಇಸಿಮ್ ಜರ್ಮನಿ ಒಂದಕ್ಕೇ. ಟ್ರಾಮು ಗಡಿ ದಾಟುತ್ತಲೇ ಅದರ ಕೆಲಸ ಮುಗಿಯಿತು.

ಇಸಿಮ್ ಕೈಕೊಟ್ಟರೆ ನೆಟ್ ನಿಲ್ಲಬೇಕು ಅಲ್ವಾ? ಅವನ ಮ್ಯಾಪು ಮಾತ್ರ ಓಡುತ್ತಲೇ ಇತ್ತಂತೆ. ಅವನದು ಐಫೋನು. ಸೆಟ್ಟಿಂಗ್ಸ್ ತೆಗೆದು ನೋಡಿದೆ. ಡೇಟಾಕ್ಕೆ ಇಸಿಮ್ಮನ್ನೇ ಆರಿಸಿದ್ದ. ಅಲ್ಲೇ 'ಅಲೋ ಸೆಲ್ಯುಲಾರ್ ಡೇಟಾ ಸ್ವಿಚಿಂಗ್' ಅಂತ ಇನ್ನೊಂದು ಬಟನ್ ಹಸಿರಾಗಿ ಕೂತಿತ್ತು. ಒಂದು ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೆ ಇನ್ನೊಂದರಿಂದ ಡೇಟಾ ಎಳೆದುಕೋ ಅಂತ ಫೋನಿಗೆ ನಾವು ಕೊಡುವ ಒಪ್ಪಿಗೆ ಅದು. ಬೆಂಗಳೂರಿನಲ್ಲಿ ಅದರಿಂದ ಉಪಕಾರವೇ. ಬಾಸೆಲ್‌ನಲ್ಲಿ ಅದು ಯಾವ ಪ್ಯಾಕೂ ಇಲ್ಲದ ಇಂಡಿಯಾ ಸಿಮ್ಮಿಗೆ ಕೈ ಹಾಕಿತ್ತು.

ಅದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲ. ಇಂಡಿಯಾ ಸಿಮ್ಮಿನ ಡೇಟಾ ರೋಮಿಂಗ್ ಕೂಡ ಆನ್ ಇತ್ತು.

"ಇದನ್ನ ಯಾಕಪ್ಪಾ ಆನ್ ಮಾಡಿದ್ದೆ?"

"ಬ್ಯಾಂಕಿನ ಓಟಿಪಿ ಬರಬೇಕಲ್ಲ ಮೇಡಂ."

ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ! ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಓಟಿಪಿ ಬರುವುದು ಎಸ್ಎಂಎಸ್‌ನಲ್ಲಿ. ಎಸ್ಎಂಎಸ್‌ಗೆ ಡೇಟಾ ಬೇಡ. ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಆಗಿರಬೇಕು. ಅದನ್ನು ಇಲ್ಲಿಂದ ಹೊರಡುವ ಮೊದಲೇ ಸಿಮ್ ಕಂಪನಿಯ ಆಪ್‌ನಲ್ಲಿ ಮಾಡಿಸಿಕೊಳ್ಳಬಹುದು. ಫೋನಿನೊಳಗಿನ ಡೇಟಾ ರೋಮಿಂಗ್ ಬಟನ್ ಬೇರೆ ವಿಷಯ. ಅದನ್ನು ಆಫ್ ಇಟ್ಟೇ ನಾನು ಬ್ಯಾಂಕ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಗೊಂದಲ ಆಗುವುದು ಎಲ್ಲಿ ಅಂದರೆ, ಪ್ರವಾಸಕ್ಕೆ ಕೊಳ್ಳುವ ಎಷ್ಟೋ ಇಸಿಮ್‌ಗಳು ಮೂರನೇ ದೇಶದ ಕಂಪನಿಯವು. ಅವು ಎಲ್ಲಿ ಹೋದರೂ ರೋಮಿಂಗ್‌ನಲ್ಲೇ ಇರುತ್ತವೆ. 'ಡೇಟಾ ರೋಮಿಂಗ್ ಆನ್ ಮಾಡಿ' ಅಂತ ಸೂಚನೆಯಲ್ಲಿ ಬರೆದಿರುತ್ತಾರೆ. ಜನ ಎರಡೂ ಸಿಮ್ಮಿಗೆ ಆನ್ ಮಾಡಿಬಿಡುತ್ತಾರೆ. ಇಸಿಮ್ಮಿಗೆ ಮಾತ್ರ ಮಾಡಬೇಕು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆವು. "ರೋಮಿಂಗ್ ನೀವೇ ಆನ್ ಮಾಡಿದ್ದೀರಿ ಸರ್" ಅಂತ ಅದೇ ವಾಕ್ಯ ಮತ್ತೆ ಮತ್ತೆ. ಅಲ್ಲಿಗೇ ಬಿಡಬಾರದು. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ಟ್ರಾಯ್‌ನ 2012ರ ನಿಯಮದಂತೆ, ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. ಅದಕ್ಕೆ ಶುಲ್ಕ ಇಲ್ಲ. ದೂರಿನ ನಂಬರ್ ಇಸಿದುಕೊಂಡು, ಬಿಲ್ಲು ಏರುತ್ತಿದೆ ಎಂಬ ಎಚ್ಚರಿಕೆಯ ಮೆಸೇಜ್ ಯಾವಾಗ ಕಳಿಸಿದಿರಿ ಅಂತ ಕೇಳಿ ಮೇಲ್ಮನವಿ ಬರೆಸಿದೆ. ಬಿಲ್ಲಿನ ಒಂದು ಪಾಲು ಮಾಫಿ ಆಯಿತು. ಉಳಿದದ್ದು ಅವನೇ ಕಟ್ಟಿದ.

ಮತ್ತೆ ಮತ್ತೆ ಹೋಗುವವರಿಗೆ ನಾನು ಹೇಳುವುದು ಇಷ್ಟು. ಟಿಕೆಟ್ಟಿನಲ್ಲಿರುವ ಊರು ನೋಡಿ ಪ್ಯಾಕ್ ಕೊಳ್ಳಬೇಡಿ, ಕಾಲಿಡುವ ದಾರಿ ಪೂರ್ತಿ ನೋಡಿ. ವಿಮಾನ ಬದಲಿಸುವ ಊರೂ ಲೆಕ್ಕಕ್ಕೆ ಬರುತ್ತದೆ. 'ಯುರೋಪ್' ಅಂತ ಹೆಸರಿದ್ದರೂ ದೇಶಗಳ ಪಟ್ಟಿ ತೆಗೆದು ಸ್ವಿಟ್ಜರ್ಲೆಂಡ್, ಬ್ರಿಟನ್ ಇದೆಯಾ ಅಂತ ಕಣ್ಣಾರೆ ನೋಡಿ. ಒಂದು ದಿನದ ಪ್ಯಾಕ್ ಅಂದರೆ ಆ ದಿನ ಯಾವ ಗಡಿಯಾರದ್ದು ಅಂತ ಕೇಳಿಕೊಳ್ಳಿ. ನಮ್ಮ ರಾತ್ರಿ ಹನ್ನೆರಡು ಅಂದರೆ ಚಳಿಗಾಲದ ಜರ್ಮನಿಯಲ್ಲಿ ಸಂಜೆ ಏಳೂವರೆ. ಊಟಕ್ಕೆ ಹೋಗುವ ಹೊತ್ತಿಗೆ ಇನ್ನೊಂದು ದಿನದ ದುಡ್ಡು ಕತ್ತರಿಸಿದರೆ ಏನು ಮಾಡ್ತೀರಿ?

ಎಲ್ಲ ಕಡೆಗೂ ಇಸಿಮ್ಮೇ ವಾಸಿ ಅಂತಲೂ ನಾನು ಹೇಳುವುದಿಲ್ಲ. ದುಬೈಗೆ ಹೋದರೆ ಇಂಡಿಯಾ ಸಿಮ್ಮಿನ ಪ್ಯಾಕನ್ನೇ ಹಾಕಿಸುತ್ತೇನೆ. ಅಲ್ಲಿನ ಸಿಮ್ಮಿನಲ್ಲಿ ವಾಟ್ಸಾಪ್ ಕಾಲ್‌ಗೆ ತಡೆ ಇದೆ. ರೋಮಿಂಗ್‌ನಲ್ಲಿ ನಮ್ಮ ಡೇಟಾ ಸಾಮಾನ್ಯವಾಗಿ ಇಂಡಿಯಾದ ನೆಟ್‌ವರ್ಕಿಗೆ ಬಂದು, ಇಲ್ಲಿಂದ ಇಂಟರ್ನೆಟ್ಟಿಗೆ ಹೋಗುತ್ತದೆ. ಹಾಗಾಗಿ ಮನೆಯವರ ಜೊತೆ ಮಾತಾಡಲು ನನಗೆ ತೊಂದರೆ ಆಗಿಲ್ಲ. ಜಾಸ್ತಿ ದಿನ ಇರುವ ಕಡೆ, ಲ್ಯಾಪ್‌ಟಾಪಿಗೂ ನೆಟ್ ಬೇಕಾದ ಕಡೆ ಮಾತ್ರ ಇಸಿಮ್. ಆಫ್‌ಲೈನ್ ಮ್ಯಾಪನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳುವುದು, ಫೋಟೋ ಬ್ಯಾಕಪ್ ವೈಫೈಗೆ ಮಾತ್ರ ಬಿಡುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ವಿಮಾನ ಹತ್ತಿದ ಮೇಲೆ ಫ್ಲೈಟ್ ಮೋಡ್ ಮರೆಯಬೇಡಿ. ಕೆಲವು ವಿಮಾನಗಳೊಳಗೂ ಮೊಬೈಲ್ ನೆಟ್‌ವರ್ಕ್ ಇರುತ್ತದೆ. ಉಪಗ್ರಹದ ಮೂಲಕ ಹೋಗುವ ಆ ನೆಟ್‌ವರ್ಕ್ ದುಬಾರಿ.

ನನಗೆ ಬೇಸರ ಇರುವುದು ಆಫೀಸಿನವರ ಮೇಲೆ. ವೀಸಾ, ಇನ್ಶೂರೆನ್ಸ್, ಹೋಟೆಲ್ ಎಲ್ಲ ಮುತುವರ್ಜಿಯಿಂದ ನೋಡುತ್ತಾರೆ. ಫೋನಿನ ಮಾತು ಬಂದರೆ 'ಅದು ನಿಮ್ಮ ಪರ್ಸನಲ್' ಅನ್ನುತ್ತಾರೆ. ಆದರೆ ಆ ಹುಡುಗ ಟ್ರಾಮಿನಲ್ಲಿ ಮ್ಯಾಪು ಹಿಡಿದು ಹುಡುಕುತ್ತಿದ್ದದ್ದು ಕಂಪನಿಯ ಗ್ರಾಹಕರ ಗೇಟನ್ನು. ಮುಂದಿನ ಸೋಮವಾರವೇ ಅಕೌಂಟ್ಸ್‌ನವರ ಹತ್ತಿರ ಕೂತೆ. ಇಸಿಮ್ಮಿನ ಖರ್ಚನ್ನು ಟ್ರಾವೆಲ್ ಅಡ್ವಾನ್ಸ್‌ಗೆ ಸೇರಿಸಲು ಒಪ್ಪಿದರು. ಇಂಡಿಯಾ ಸಿಮ್ಮಿನ ಪ್ಯಾಕಿಗೆ ಮಾತ್ರ ಇನ್ನೂ ಒಪ್ಪಿಲ್ಲ. ದುಬೈಗೆ ಹೋಗುವವರ ಲೆಕ್ಕ ತೆಗೆದುಕೊಂಡು ಮತ್ತೆ ಹೋಗುತ್ತೇನೆ.