ಡಯಲಾಗ್ ಇಲ್ಲದ ಪಾತ್ರ

ಬೇಳ ಊರಿನ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಇವತ್ತು ಕ್ರಿಸ್ಮಸ್ ನಾಟಕಕ್ಕೆ ಪಾತ್ರ ಹಂಚುತ್ತಿದ್ದರು. ಮಗು ಯೇಸುವನ್ನು ಕೊಲ್ಲಲಿಕ್ಕೆ ಹೊರಟ ರಾಜ ಹೆರೋದ ಆಗಲಿಕ್ಕೆ ಹುಡುಗರ ಜಗಳವೋ ಜಗಳ. ಕತ್ತಿ ಇದೆ, ಕಿರೀಟ ಇದೆ, ಬೊಬ್ಬೆ ಹೊಡೆಯಬಹುದು. ಯೇಸುವಿನ ಸಾಕುತಂದೆ ಜೋಸೆಫ್ ಆಗು ಅಂದರೆ ಒಬ್ಬ ಮುಖ ಸಿಂಡರಿಸಿದ. "ಬೇಡ ಟೀಚರ್, ಅವನಿಗೆ ಡಯಲಾಗೇ ಇಲ್ಲ."

ನಿಜ ಅಲ್ವಾ! ಬೈಬಲಿನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಶುಭಸಂದೇಶ ಹುಡುಕಿದರೂ ಜೋಸೆಫರ ಬಾಯಿಂದ ಒಂದು ಮಾತೂ ಸಿಗುವುದಿಲ್ಲ. ಮದುವೆ ನಿಶ್ಚಯವಾಗಿದ್ದ ಮರಿಯ ಗರ್ಭಿಣಿ ಅಂತ ಗೊತ್ತಾದಾಗಲೂ ಅವಳನ್ನು ಊರೆದುರು ಅವಮಾನ ಮಾಡಲಿಕ್ಕೆ ಮನಸ್ಸಿಲ್ಲದ ಮನುಷ್ಯ. ಕನಸಲ್ಲಿ ದೇವದೂತ ಹೇಳಿದ ಕೂಡಲೇ ಎದ್ದು, ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು, ಅಷ್ಟೇ. ವಾದ ಇಲ್ಲ, ಗದರಿಕೆ ಇಲ್ಲ.

ನಮ್ಮಲ್ಲಿ ಕೆಲವು ಗಂಡಸರಿಗೆ "ಗಂಡ ಹೆಂಡತಿಗೆ ತಲೆ" ಅನ್ನುವ, ಬೈಬಲಿನಲ್ಲಿರುವ ಸಂತ ಪೌಲನ ಪತ್ರದ ಮಾತು ಮಾತ್ರ ಬಾಯಿಪಾಠ. ಎರಡೇ ವಚನ ಕೆಳಗೆ, ಕ್ರಿಸ್ತ ತನ್ನ ಸಭೆಗಾಗಿ (ಅಂದರೆ ಭಕ್ತರ ಸಮುದಾಯಕ್ಕಾಗಿ) ಪ್ರಾಣ ಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಿ ಅಂತ ಇರುವುದು ಕಣ್ಣಿಗೆ ಬೀಳುವುದೇ ಇಲ್ಲ. (ಮದುವೆ ಪೂಜೆಯಲ್ಲಿ ಅದನ್ನು ಓದುವಾಗ ಹೊರಗೆ ಬೀಡಿ ಸೇದುತ್ತಾ ಇರುತ್ತಾರೋ ಏನೋ.)

2020ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಒಂದು ಇಡೀ ವರ್ಷವನ್ನೇ ಜೋಸೆಫರಿಗೆ ಮೀಸಲಿಟ್ಟಿದ್ದರು. ಕೊರೋನಾ ಗಲಾಟೆಯಲ್ಲಿ ಅದು ಬಂದದ್ದೂ ಹೋದದ್ದೂ ಎಷ್ಟು ಜನರಿಗೆ ಗೊತ್ತಾಯಿತೋ. ಜೋಸೆಫರಿಗೆ ಅಲ್ಲಿಯೂ ಗದ್ದಲ ಮಾಡಲಿಕ್ಕೆ ಬರಲಿಲ್ಲ ನೋಡಿ.