ಆರಡಿ ಮೂರಿಂಚಿಗೆ ಸ್ಯಾನ್ ಸ್ಟಾರ್ಮ್: ಸೀಟಿನ ಕೆಲಸ ಎಲ್ಲಿಗೆ ಬಂತು

ನನ್ನ ಹಳೇ ಸ್ಯಾನ್ ಸ್ಟಾರ್ಮ್ ಕಾರಿನ ಬ್ರೇಕ್ ಸರಿಯಾಯಿತು, ರೇಡಿಯೇಟರ್ ಸೋರುವುದು ನಿಂತಿತು. ಇನ್ನು ಉಳಿದಿದ್ದು ನನ್ನ ಕಾಲು. ನನ್ನ ಎತ್ತರ ಆರಡಿ ಮೂರಿಂಚು. ಕಾರು ನೋಡದವರಿಗೆ ಹೇಳುವುದಾದರೆ, ಸ್ಯಾನ್ ಸ್ಟಾರ್ಮ್ ಅಂದರೆ ಪಕ್ಕದ ಗೋವಾದ ಕಾರು. ಎರಡೇ ಸೀಟು, ಫೈಬರ್ ಬಾಡಿ, ಮಡಚುವ ಬಟ್ಟೆ ಟಾಪ್, ರೆನೋದ 1149 ಸಿಸಿ ಪೆಟ್ರೋಲ್ ಎಂಜಿನ್. ರಸ್ತೆಯಲ್ಲಿ ನಿಲ್ಲಿಸಿದರೆ ಪಕ್ಕದ ರಿಕ್ಷಾದವನು ಮೇಲಿಂದ ಕೆಳಗೆ ನೋಡಿ ಮಾತಾಡಿಸುತ್ತಾನೆ.

ಮಳೆ ಹಿಡಿಯೋ ಮೊದಲು ಮುಗಿಸಬೇಕು ಅಂತ ಸೀಟಿಗೆ ಕೈ ಹಾಕಿದೆ. ಟಾಪ್ ಮಡಚಿಟ್ಟರೆ ಈ ಕಾರು ಹತ್ತುವುದು ಏನೂ ಕಷ್ಟ ಇಲ್ಲ. ನಿಂತಲ್ಲೇ ಕಾಲಿಟ್ಟು ಕೆಳಗಿಳಿದು ಕೂತರಾಯಿತು. ಆದರೆ ಕಾರವಾರದಲ್ಲಿ ಜೂನ್ ಬಂದರೆ ಟಾಪ್ ತೆಗೆಯುವ ಮಾತೇ ಇಲ್ಲ, ಸೆಪ್ಟೆಂಬರ್‌ವರೆಗೂ. ಟಾಪ್ ಹಾಕಿದ ಮೇಲೆ ಒಳಗೆ ಹೋಗುವುದು ಟಾಗೋರ್ ಬೀಚಿನ ಹತ್ತಿರ ನಿಲ್ಲಿಸಿರೋ ಚಾಪೆಲ್ ಯುದ್ಧನೌಕೆಯ ಬಾಗಿಲು ದಾಟಿದ ಹಾಗೆ. ತಲೆ ತಗ್ಗಿಸಬೇಕು, ಮೊಣಕಾಲು ಎತ್ತಬೇಕು, ಎರಡೂ ಒಟ್ಟಿಗೆ.

ಯಾರನ್ನು ಕೇಳಿದರೂ ‘ಸೀಟ್ ಇಳಿಸು’ ಅನ್ನುತ್ತಾರೆ. ಇಳಿಸಿದರೆ ತಲೆಗೆ ಜಾಗ ಸಿಗುತ್ತದೆ, ನಿಜ. ಆದರೆ ಏಳೋದು ಹೇಗೆ? ಮನೆಯ ಊಟದ ಕುರ್ಚಿ ಸುಮಾರು 18 ಇಂಚು ಎತ್ತರ ಇರುತ್ತದೆ. ಈ ಸೀಟು ಈಗಲೇ ಅದಕ್ಕಿಂತ ಎಷ್ಟೋ ಕೆಳಗಿದೆ. ಸೊಂಟ ಮೊಣಕಾಲಿಗಿಂತ ಕೆಳಗೆ ಹೋದಷ್ಟೂ ಏಳುವಾಗ ತೊಡೆಗೆ ಭಾರ ಜಾಸ್ತಿ. ಅದೂ ಅಲ್ಲದೆ ಟೇಪ್ ಹಿಡಿದು ನೋಡಿದರೆ ನನ್ನ ಕಾಲು ಸಿಕ್ಕಿಬೀಳುತ್ತಿದ್ದ ಜಾಗವೇ ಬೇರೆ. ಸ್ಟೇರಿಂಗ್‌ನ ಕೆಳಗಿನ ಅಂಚು, ಸೀಟಿನ ಮುಂಭಾಗ, ಬಾಗಿಲಿನ ಮುಂದಿನ ಕಂಬ, ಈ ಮೂರರ ನಡುವಿನ ಕಿಂಡಿಯಲ್ಲಿ ಮೊಣಕಾಲು ತಿರುಗಬೇಕು. ಸೀಟ್ ಇಳಿಸಿದರೆ ಆ ಕಿಂಡಿಯಲ್ಲಿ ಮೊಣಕಾಲಿಗೆ ಹೆಚ್ಚೇನೂ ಜಾಗ ಸಿಗುವುದಿಲ್ಲ, ನಾನು ಹಿಂದಕ್ಕೆ ಹೋದರೆ ಮಾತ್ರ ಸಿಗುತ್ತದೆ.

ಹಿಂದಕ್ಕೆ ಹೋಗಲು ಸೀಟಿನ ರನ್ನರ್‌ನಲ್ಲಿ, ಅಂದರೆ ಸೀಟು ಹಿಂದೆ ಮುಂದೆ ಜಾರುವ ಹಳಿಯಲ್ಲಿ, ಜಾಗ ಇರಲಿಲ್ಲ. ಹಿಂದೆ ಗೋಡೆ. ಉಳಿದ ದಾರಿ ಅಂದರೆ ಬೆನ್ನಿನ ಫೋಮ್ ತೆಳು ಮಾಡುವುದು.

ಸೀಟ್ ಬಿಚ್ಚಲು ಹೋದರೆ ಕಡಲ ಗಾಳಿಗೆ ಬೋಲ್ಟುಗಳೆಲ್ಲ ತುಕ್ಕು ಹಿಡಿದು ಕೂತಿದ್ದವು. ರಾತ್ರಿ ಎಣ್ಣೆ ಬಿಟ್ಟು, ಬೆಳಿಗ್ಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಮೊದಲು ಒಂಚೂರು ಬಿಗಿ ಮಾಡಿ ಆಮೇಲೆ ಸಡಿಲ ಮಾಡಿದೆ. ಒಂದರ ತಲೆ ಹಾರಿತು, ಉಳಿದ ತುಂಡನ್ನು ಡ್ರಿಲ್ ಹೊಡೆಸಿ ತೆಗೆಸಬೇಕಾಯಿತು. ಹೊಸ ಬೋಲ್ಟ್ ಎಲ್ಲವೂ 8.8 ಗ್ರೇಡಿನವು, ಅಂದರೆ ಮಾಮೂಲಿಗಿಂತ ಗಟ್ಟಿ ಉಕ್ಕಿನವು. ಇಲ್ಲಿ ಜುಗ್ಗತನ ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ಸೀಟನ್ನು ಹಿಡಿದು ನಿಲ್ಲಿಸುವುದು ಇವೇ.

ಫೋಮಿನ ಕೆಲಸಕ್ಕೆ ರಿಕ್ಷಾ ಸೀಟ್ ಹೊಲಿಯುವವರ ಹತ್ತಿರ ಹೋದೆ. ‘ಎಲ್ಲರೂ ಫೋಮ್ ಹಾಕ್ಸೋಕೆ ಬರ್ತಾರೆ ಸರ್, ನೀವು ತೆಗ್ಸೋಕೆ ಬಂದಿದ್ದೀರಲ್ಲ’ ಅಂತ ನಕ್ಕರು. ಆದರೆ ಕೈ ಎಷ್ಟು ನಯ ಅಂತೀರಿ! ಹ್ಯಾಕ್ಸಾ ಬ್ಲೇಡಿಗೆ ಒಂದು ಕಡೆ ಬಟ್ಟೆ ಸುತ್ತಿ, ಬೆನ್ನಿನ ನಡುವೆ ಒಂದೂವರೆ ಇಂಚು ತೆಗೆದರು. ಸೊಂಟದ ಹತ್ತಿರ ಮಾತ್ರ ಮುಟ್ಟಲಿಲ್ಲ, ‘ಅದು ಹೋದ್ರೆ ಕುಮಟಾ ತಲುಪೋದ್ರೊಳಗೆ ನಡು ಹಿಡೀತದೆ’ ಅಂದರು. ಬಾಗಿಲ ಕಡೆ ಉಬ್ಬಿಕೊಂಡಿದ್ದ ಅಂಚನ್ನು ಅವರೇ ಯೋಚನೆ ಮಾಡಿ ಇಳಿಜಾರು ಮಾಡಿ, ಅಲ್ಲಿಗೆ ನುಣುಪಾದ ರೆಕ್ಸಿನ್ ಹೊಲಿದರು. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅದೇ. ಈಗ ಪ್ಯಾಂಟ್ ಎಳೆಯುವುದಿಲ್ಲ, ಜಾರಿ ಹೊರಗೆ ಬರಬಹುದು.

ಸ್ಟೇರಿಂಗ್ 14 ಇಂಚಿನದು ತೆಗೆದು 13ರದು ಹಾಕಿದರೆ ಒಂದಿಂಚು ಸಿಗುತ್ತೆ ಅಂದುಕೊಳ್ಳುವವರಿಗೆ ಒಂದು ಮಾತು. ತೊಡೆಯ ಮೇಲೆ ಸಿಗುವುದು ಅರ್ಧ ಇಂಚು ಮಾತ್ರ, ಇನ್ನರ್ಧ ಮೇಲುಗಡೆ ಹೋಗುತ್ತದೆ. ತಿರುಗಿಸಲು ಭಾರ ಬೇರೆ. ಅದಕ್ಕೆ ಕೆಳಗಡೆ ಚಪ್ಪಟೆ ಇರುವುದನ್ನು ಹಾಕಿದೆ. ನಿಲ್ಲಿಸುವಾಗ ಚಕ್ರ ನೇರ ಮಾಡಿದರೆ ಮಾತ್ರ ಆ ಚಪ್ಪಟೆ ಭಾಗ ತೊಡೆಯ ಮೇಲೆ ಬರುತ್ತದೆ. ಇದು ಏರ್‌ಬ್ಯಾಗ್ ಇಲ್ಲದ ಹಳೇ ಕಾರು ಅಂತ ಮಾಡಿದ್ದು. ಏರ್‌ಬ್ಯಾಗ್ ಇರುವ ಸ್ಟೇರಿಂಗ್ ಬಿಚ್ಚಲು ಹೋಗಬೇಡಿ.

ಇನ್ನು ಹತ್ತುವ ಇಳಿಯುವ ಪದ್ಧತಿ. ಹತ್ತುವಾಗ ಕಾರಿಗೆ ಬೆನ್ನು ಹಾಕಿ ಮೊದಲು ಕೂರುವುದು, ತಲೆ ಒಳಗೆ ತರುವುದು, ಆಮೇಲೆ ಎಡಗಾಲು, ಕೊನೆಗೆ ಬಲಗಾಲು. ಕಾಲು ಮೊದಲು ಹಾಕಿದರೆ ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿ ಒಂಟಿ ಕಾಲಲ್ಲಿ ನಿಲ್ಲಬೇಕಾಗುತ್ತದೆ. ಇಳಿಯುವಾಗ ಎರಡೂ ಪಾದ ನೆಲಕ್ಕೆ ಬಂದ ಮೇಲೆ ಅವುಗಳನ್ನು ಆದಷ್ಟು ಕಾರಿನ ಹತ್ತಿರಕ್ಕೆ ಎಳೆದುಕೊಳ್ಳಬೇಕು. ಮೂಗು ಮೊಣಕಾಲಿಗಿಂತ ಮುಂದೆ ಬರುವಷ್ಟು ಬಾಗಬೇಕು. ಮೈಯ ಭಾರ ಪಾದದ ಮೇಲೆ ಬಂದ ಕೂಡಲೇ ಸೊಂಟ ತಾನಾಗಿ ಏಳುತ್ತದೆ. ನೆಟ್ಟಗೆ ಕೂತು ಎಷ್ಟು ಒದ್ದಾಡಿದರೂ ಸುಮ್ನೆ ಹಿಂದಕ್ಕೆ ಬೀಳ್ತೀರಿ. ಕೈ ಊರುವುದು ಬಾಗಿಲ ಕೆಳಗಿನ ಹೊಸ್ತಿಲಿನ ಮೇಲೆ. ಬಾಗಿಲಿಗೆ ಜೋತು ಬಿದ್ದರೆ ಅದರ ಕೀಲು ಉಳಿಯುವುದಿಲ್ಲ.

ಜಾಗವೂ ನೋಡಬೇಕು. ಭಾನುವಾರ ಸಂತೆಯ ದಿನ ಪೇಟೆಯಲ್ಲಿ ಬಾಗಿಲು ಪೂರ್ತಿ ತೆರೆಯಲು ಬಿಡುವವರು ಯಾರು? ಸಾಲಿನ ತುದಿಯಲ್ಲಿ, ಬಲಗಡೆ ಖಾಲಿ ಇರುವಂತೆ ನಿಲ್ಲಿಸಿ ನಡೆಯುವುದೇ ವಾಸಿ. ಬಲಗಡೆ ಎತ್ತರದ ಫುಟ್‌ಪಾತ್ ಇದ್ದರಂತೂ ಪಾದ ಮೇಲೆ, ಸೊಂಟ ಕೆಳಗೆ, ಕಥೆ ಮುಗಿಯಿತು.

ಈಗ ಮಳೆ ಬಂದಿದೆ. ಟಾಪ್ ಹಾಕಿ ಸಿರಸಿಗೆ ಹೋಗಿ ಬಂದೆ. ಹಟ್ಟಿಕೇರಿ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದದೆ ಕೈ ಮೇಲೆತ್ತಿ ಕಾರ್ಡ್ ತೋರಿಸುವ ನಾಟಕ ಒಂದು ಆಯಿತು. ದೇವಿಮನೆ ಘಟ್ಟದ ತಿರುವುಗಳಲ್ಲಿ ಮೊಣಕಾಲು ಎಲ್ಲೂ ತಾಗಲಿಲ್ಲ. ಕೊಡೆಯ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಕೂತ ಮೇಲೆ ಮಡಚಬೇಕು, ಅಷ್ಟರಲ್ಲಿ ಬಲಭುಜ ಪೂರ್ತಿ ಒದ್ದೆ.

ಮನೆಯಲ್ಲಿ ಆಯಿಯನ್ನು ಕೂರಿಸಿದೆ. ಅವಳು ಐದಡಿ, ತಲೆಯ ತೊಂದರೆ ಇಲ್ಲ, ಆದರೆ ಮೊಣಕಾಲು ನೋವು. ‘ತಮಾ, ಇದ್ರಲ್ಲಿ ಕೂತ್ಕಂಬದಲ್ಲ, ಬೀಳದು’ ಅಂದಳು. ಏಳಿಸಲು ನಾನು ಎರಡೂ ಕೈ ಹಿಡಿಯಬೇಕಾಯಿತು. ಹಾಗಾಗಿ ಎಡಗಡೆ ಸೀಟಿಗೆ ಫೋಮ್ ತೆಗೆಯುವುದಿಲ್ಲ, ಕೆಳಗೆ ಎರಡು ಇಂಚು ಹಾಕಿಸುತ್ತೇನೆ. ಹಿಡಿದು ಏಳಲು ಸೀಟಿನ ಹಿಂದಿನ ಕಬ್ಬಿಣಕ್ಕೆ ಒಂದು ಗಟ್ಟಿ ಪಟ್ಟಿಯೂ ಬೇಕು. ಹಳೆಯ ಸೀಟ್‌ಬೆಲ್ಟಿನ ಪಟ್ಟಿ ಸಿಕ್ಕಿದೆ, ಹೊಲಿಗೆಗೆ ಕೊಟ್ಟಿದ್ದೇನೆ.